ಒಲೆಗೊಂದು ರಾತ್ರಿ

ನಮ್ಮ ಊರಿನ ಕಾನೂನು ಬರೆದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅವರ ಮನೆಗೆ ವರ್ಷಕ್ಕೊಮ್ಮೆ ಒಬ್ಬಟ್ಟು ಮಾಡಿ ಕಳಿಸುತ್ತಿದ್ದೆ, ತುಪ್ಪದ ಸಮೇತ. ಮೊದಲು ಹೀಗಿರಲಿಲ್ಲ. ಇಂಥ ಕಾನೂನು ಬರೆದವನ ಕೈ ಸೇದಿಹೋಗಲಿ ಎಂದು ನಾನೇ ಶಾಪ ಹಾಕಿದ್ದುಂಟು. ನನ್ನ ಬಾಯಿ ಅಂಥದ್ದು. ಸಾಕಮ್ಮನ ಬಾಯಿಗೆ ಬೀಗ ಇಲ್ಲ ಅಂತ ಬೀದಿಗೆಲ್ಲ ಗೊತ್ತು. ಅಂಥ ನಾನು ಒಂದು ಇಡೀ ಬೇಸಿಗೆ ತುಟಿ ಹೊಲಿದುಕೊಂಡು ಕೂತಿದ್ದೆ ಎಂದರೆ, ನನ್ನ ಪಾಡು ಏನಾಗಿರಬೇಕು ನೀವೇ ಯೋಚನೆ ಮಾಡಿ.

ನಮ್ಮ ಯಜಮಾನರ ಹೆಸರು ಚೆಲುವಯ್ಯ. ಬಾಡಿಗೆ ವ್ಯಾನ್ ಓಡಿಸುತ್ತಿದ್ದರು. ಮದುವೆ ಪಾತ್ರೆ, ಸಿಮೆಂಟು, ಬಾಣಂತಿ, ಕುರಿಮರಿ, ಯಾವುದಕ್ಕೂ ಇಲ್ಲ ಅಂದವರಲ್ಲ. ನಮ್ಮ ಪಕ್ಕದ ಮನೆ ದೇವೀರಮ್ಮನದು. ಅವರಿಗೂ ನಮಗೂ ಒಂದೇ ಗೋಡೆ. ಅವರ ಒಬ್ಬನೇ ಮಗ ಮಾದೇಶ ಒಂದು ಬೆಳಿಗ್ಗೆ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಅಕ್ಕಿ ಗಿರಣಿಯ ಇಳಿಜಾರು ಇಳಿದು, ತಿರುವಿನಲ್ಲಿ ನೇರ ವ್ಯಾನಿಗೇ ಬಂದು ಬಿದ್ದ. ವ್ಯಾನು ಇವರದು. ಹುಡುಗ ಅಲ್ಲೇ ಹೋಗಿಬಿಟ್ಟ.

ಇವರ ತಪ್ಪಿಲ್ಲ ಎಂದು ನೋಡಿದವರು ಹೇಳಿದರು, ಪೊಲೀಸಿನವರು ಹೇಳಿದರು, ಕೋರ್ಟೂ ಹೇಳಿತು. ಒಪ್ಪದೇ ಇದ್ದವರು ಇವರೊಬ್ಬರೇ. ವ್ಯಾನಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದರು. ತಟ್ಟೆಯ ಮುಂದೆ ಕೂತರೆ ಎರಡು ತುತ್ತು ಕಲಸಿ ಕೈ ತೊಳೆಯುತ್ತಿದ್ದರು. ಆ ಕಡೆ ದೇವೀರಮ್ಮ ಅವತ್ತು ಆರಿಸಿದ ಒಲೆಯನ್ನು ಮತ್ತೆ ಹಚ್ಚಲೇ ಇಲ್ಲ. ಅವಲಕ್ಕಿ, ಬಾಳೆಹಣ್ಣು, ಯಾರಾದರೂ ತಂದುಕೊಟ್ಟ ಅನ್ನ, ಅಷ್ಟರಲ್ಲೇ ಬದುಕು. ಮೊದಲು ದಿನಕ್ಕೆ ಹತ್ತು ಸಲ ಗೋಡೆಯಾಚೆಯಿಂದ "ಸಾಕೂ, ಸ್ವಲ್ಪ ಹುಣಸೆಹಣ್ಣು ಕೊಡೇ" ಎನ್ನುತ್ತಿದ್ದ ಹೆಂಗಸು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಯಾವ ಮುಖ ಇಟ್ಟುಕೊಂಡು ಆಡಲಿ?

ಒಂದು ಮಧ್ಯಾಹ್ನ ಇವರು ಫೋನು ಹಿಡಿದು ಕೂತಿದ್ದರು. ಬಗ್ಗಿ ನೋಡಿದರೆ ಹರಾಜು ನಡೆಯುತ್ತಿತ್ತು. ಯಾವುದೋ ದೂರದ ರಾಜ್ಯದವನು ಪಿಸ್ತೂಲು ಮಾರಾಟಕ್ಕಿಟ್ಟಿದ್ದ. ಮರದ ಹಿಡಿ, ಹಳೇ ಕಬ್ಬಿಣ. ಹರಾಜು ಮುಗಿಯಿತು, ಗೆದ್ದವರು ಇವರೇ.

"ಇದೇನ್ರೀ ಇದು?" ಎಂದೆ.

"ಕೋತಿ ಕಾಟ ಕಣೇ, ಹೆದರಿಸೋಕೆ."

ನಮ್ಮ ಊರಲ್ಲಿ ಕೋತಿ ಇಲ್ಲ. ಆ ಪಿಸ್ತೂಲು ಯಾರಿಗೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅದು ಬಂದ ದಿನ ಬಾವಿಗೆ ಎಸೆದರಾಯಿತಲ್ಲ ಎಂದು ನೀವು ಹೇಳಬಹುದು. ಒಂದನ್ನು ಬಾವಿಗೆ ಎಸೆದರೆ ಇನ್ನೊಂದು ಹರಾಜು. ಮನಸ್ಸು ಕೆಟ್ಟವರನ್ನು ಎಷ್ಟು ದಿನ ಕಾಯುವುದು?

ದೇವರ ದಯೆ, ಇವರಿಗೆ ಪಿಸ್ತೂಲು ತರಿಸುವ ಕಾನೂನು ಗೊತ್ತಿರಲಿಲ್ಲ. ಮಾರಿದವನಿಗೆ ನಮ್ಮ ಮನೆಯ ವಿಳಾಸ ಕೊಟ್ಟು ಬಾಗಿಲು ಕಾಯುತ್ತಾ ಕೂತರು. ಆ ಕಡೆಯಿಂದ, ನಿಮ್ಮ ಮನೆಗೆ ಕಳಿಸಿದರೆ ನಾನು ಜೈಲಿಗೆ ಹೋಗಬೇಕಾಗುತ್ತದೆ, ಲೈಸೆನ್ಸ್ ಇರುವ ಅಂಗಡಿಯ ವಿಳಾಸ ಕೊಡಿ ಎಂದು ಉತ್ತರ ಬಂತು. ಬೀದಿಯ ಆ ತುದಿಯಲ್ಲಿ ಮೊಯಿದ್ದೀನ್ ಸಾಹೇಬರ ಬಂದೂಕಿನ ಅಂಗಡಿ ಇದೆ. ಇವರು ಹೊರಟರು, ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟೆ.

"ಹರಾಜು ಯಾರು ಬೇಕಾದ್ರೂ ಗೆಲ್ಲಬಹುದು ಚೆಲುವಯ್ಯ, ತರಿಸ್ಕೊಳ್ಳೋದು ಬೇರೆ ಮಾತು," ಎಂದರು ಸಾಹೇಬರು. "ನನ್ನ ಲೈಸೆನ್ಸಿನ ನಕಲು ಅವನಿಗೆ ಹೋಗ್ಬೇಕು, ಅವನು ನನ್ನ ಅಂಗಡಿಗೇ ಕಳಿಸ್ಬೇಕು. ಉದ್ದದ ಕೋವಿ ಆಗಿದ್ರೆ ಅಂಚೆಯಲ್ಲಿ ಬರ್ತಿತ್ತೋ ಏನೋ, ಪಿಸ್ತೂಲನ್ನ ಅಂಚೆಗೆ ಹಾಕೋ ಹಾಗೇ ಇಲ್ಲ. ಕೊರಿಯರ್‌ನೋರಿಗೆ ಒಳಗೇನಿದೆ ಅಂತ ಬಾಯಿಬಿಟ್ಟು ಹೇಳ್ಬೇಕು, ಪೆಟ್ಟಿಗೆ ಮೇಲೆ ಮಾತ್ರ ಬರೀಬಾರ್ದು. ಬಂದ್ಮೇಲೆ ನಿಮ್ಮ ಮೇಲೆ ಕೇಸುಗೀಸು ಇದೆಯಾ ಅಂತ ನಾನು ವಿಚಾರಿಸ್ಬೇಕು, ಕೊಳ್ಳೋರಿಗೆ ಅದೊಂದೇ ಪರೀಕ್ಷೆ."

"ಎಲ್ಲಾ ಮಾಡಿ. ಕೊನೆಗೆ ಕೈಗೆ ಸಿಗುತ್ತಲ್ಲ?"

"ಸಿಗುತ್ತೆ, ಬೀದಿ ಸುತ್ತು ಮುಗಿದ್ಮೇಲೆ."

ಬೀದಿ ಸುತ್ತು ನಮ್ಮ ಊರಿನ ಕಾನೂನು. ಅಂಗಡಿಯಿಂದ ಕೊಂಡವರ ಮನೆಯವರೆಗೆ ಎಷ್ಟು ಒಲೆ ಉರಿಯುತ್ತವೆಯೋ ಅಷ್ಟೂ ಒಲೆಯ ಹತ್ತಿರ ಪಿಸ್ತೂಲು ಒಂದೊಂದು ರಾತ್ರಿ ತಂಗಬೇಕು. ಪೆಟ್ಟಿಗೆಗೆ ಬೀಗ, ಬೀಗದ ಕೈ ಸಾಹೇಬರ ಸೊಂಟದಲ್ಲಿ. ಕೊಂಡವರೇ ಅದನ್ನು ಹೊತ್ತು ತರಬೇಕು, ಅದು ಎಲ್ಲಿ ತಂಗುತ್ತದೋ ಅಲ್ಲೇ ಅವತ್ತಿನ ಊಟ ಮಾಡಬೇಕು. ಸಂಜೆ ಉರಿದ ಒಲೆ ಆರಿ, ಬೆಳಿಗ್ಗೆ ಹೊಸದಾಗಿ ಹಚ್ಚಿದರೆ ಆ ರಾತ್ರಿ ಮುಗಿಯಿತು, ಪೆಟ್ಟಿಗೆ ಮುಂದಿನ ಒಲೆಗೆ. ಒಲೆ ಉರಿಯದ ಮನೆ ಲೆಕ್ಕಕ್ಕಿಲ್ಲ. ನನ್ನನ್ನು ಕೊಂದ ನಿಯಮ ಇನ್ನೊಂದಿತ್ತು. ಕೊಂಡವರ ಮನೆಯವರು ಪಿಸ್ತೂಲಿನ ವಿಷಯವನ್ನು ಬೀದಿಯಲ್ಲಿ ಯಾರ ಹತ್ತಿರವೂ ಎತ್ತುವಂತಿಲ್ಲ. ಎತ್ತಿದರೆ ಸುತ್ತು ರದ್ದು, ಪೆಟ್ಟಿಗೆ, ಬೀಗದ ಕೈ ಎರಡೂ ಆ ಕ್ಷಣವೇ ಕೊಂಡವರ ಕೈಗೆ.

ನೀವು ನಮ್ಮ ಬೀದಿಯವರಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಗೊತ್ತಾಯಿತಲ್ಲ ನನ್ನ ಪಾಡು? ನಾನು ಬಾಯಿ ಬಿಟ್ಟರೆ ಗಂಡ ಹೋದ, ಬಿಡದಿದ್ದರೂ ಒಲೆ ಮುಗಿದ ದಿನ ಹೋದ.

ಪೆಟ್ಟಿಗೆ ಬಂತು. ಇವರ ಮೇಲೆ ಯಾವ ಕೇಸೂ ಉಳಿದಿರಲಿಲ್ಲ, ಸಾಹೇಬರು ತಡೆಯುವಂತಿರಲಿಲ್ಲ. ಸುತ್ತು ಶುರುವಾಯಿತು. ನಮ್ಮ ಬೀದಿಯವರಿಗೆ ಇದೇನು ಹೊಸದಲ್ಲ. ಬೀಗರು ಬಂದರೆ ಹಾಸಿಗೆ ಹಾಸುವ ಹಾಗೆ ಪಿಸ್ತೂಲು ಬಂದರೂ ಒಂದು ಜಾಗ ಮಾಡುತ್ತಾರೆ. ಒಬ್ಬರು ಅಕ್ಕಿ ಡ್ರಮ್ಮಿನ ಮೇಲೆ ಇಟ್ಟರು, ಒಬ್ಬರು ಉಪ್ಪಿನಕಾಯಿ ಜಾಡಿಗಳ ನಡುವೆ. ಟೈಲರ್ ಅಂತೋಣಿ ಅದಕ್ಕೆ ಹಳೇ ಪರದೆಯ ಬಟ್ಟೆಯಲ್ಲಿ ಒಂದು ಗವಸು ಹೊಲಿದು, "ಧೂಳು ಕೂತ್ರೆ ಚೆನ್ನಾಗಿರಲ್ಲ" ಎಂದು ಹಾಕಿ ಕಳಿಸಿದ. ಪೆಟ್ಟಿಗೆಯನ್ನು ಬರೀ ಕಳಿಸಬಾರದು ಎಂದು ಪ್ರತಿ ಮನೆಯ ಹೆಂಗಸೂ ಅದರ ಮೇಲೆ ಏನಾದರೂ ಕಟ್ಟಿ ಕಳಿಸುತ್ತಿದ್ದಳು, ನಾಲ್ಕು ಚಕ್ಕುಲಿಯೋ, ಎರಡು ನಿಂಬೆಹಣ್ಣೋ. ಅವು ನಮ್ಮ ಮನೆಗೆ ಬರುತ್ತಿದ್ದವು. ಆ ಚಕ್ಕುಲಿಯನ್ನು ನಾನು ಒಂದೂ ಮುರಿಯದೆ ಡಬ್ಬಿಗೆ ಹಾಕಿಡುತ್ತಿದ್ದೆ.

ಇವರೋ ಊಟಕ್ಕೆ ಕೂತು ತಲೆ ಎತ್ತುತ್ತಿರಲಿಲ್ಲವಂತೆ. ಆದರೆ ಬೇರೆಯವರ ಮನೆಯಲ್ಲಿ ಎರಡು ತುತ್ತಿಗೇ ಏಳುವುದು ಹೇಗೆ? ಬಡಿಸುವವರು ಬಿಡಬೇಕಲ್ಲ. ಬಸ್ಸಾರು, ಮುದ್ದೆ, ಹುರುಳಿ ಪಲ್ಯ, ಅಂತೋಣಿಯ ಮನೆಯಲ್ಲಿ ಮೀನು. ತಿನ್ನಲೇಬೇಕಾಯಿತು.

ಬೀದಿಯ ಮಧ್ಯದಲ್ಲಿ ಅಲಮೇಲಮ್ಮನ ಮನೆ. ಅಲಮೇಲಮ್ಮ ಮತ್ತು ಸೊಸೆ ವೀಣಾ ಎಂದರೆ ತಾಯಿ ಮಗಳಿಗಿಂತ ಹೆಚ್ಚು, ಒಂದೇ ಸೀರೆಯನ್ನು ಇಬ್ಬರೂ ಉಡುವಷ್ಟು. ಪೆಟ್ಟಿಗೆ ಅವರ ಮನೆಯಲ್ಲಿ ತಂಗಿ ಬೆಳಗಾಗಿದ್ದೇ ತಡ, ಆ ಮನೆಯಿಂದ ಕಿರುಚಾಟ. ಬೀದಿಗೆ ಬೀದಿಯೇ ಹೊರಗೆ ಬಂತು.

"ನಿಮ್ಮ ಕೈ ಅಡುಗೆ ಇನ್ನು ನಂಗೆ ಬೇಡ, ನಾನು ಬೇರೆ ಒಲೆ ಹಚ್ತೀನಿ!" ಎಂದು ವೀಣಾ ಹಿತ್ತಿಲಿನಲ್ಲಿ ಪುಟ್ಟ ಗ್ಯಾಸ್ ಒಲೆ ಇಟ್ಟುಕೊಂಡು ಕೂಗುತ್ತಿದ್ದಳು.

"ಹಚ್ಕೋ ಹೋಗೇ, ನಿನ್ನ ಹುಳಿ ತಿಂದು ನನ್ನ ಹೊಟ್ಟೆ ಕೆಟ್ಟಿದೆ!" ಎಂದು ಅತ್ತೆ.

ನನಗೆ ನನ್ನದೇ ಸಂಕಟ ಸಾಲದು ಎಂದು ಪಂಚಾಯಿತಿ ಮಾಡಲು ಅವರ ಮನೆಗೆ ಓಡಿದೆ. "ಏನ್ರಮ್ಮ ಇದು, ದೃಷ್ಟಿ ತಗುಲಿತಾ ನಿಮಗೆ?" ಎಂದು ಒಳಗೆ ಹೋದರೆ ಅತ್ತೆ ಸೊಸೆ ಇಬ್ಬರೂ ಒಂದೇ ಲೋಟದಲ್ಲಿ ಕಾಫಿ ಹಂಚಿಕೊಂಡು ಕುಡಿಯುತ್ತಿದ್ದರು. ಅಲಮೇಲಮ್ಮ ಎದ್ದು ಬಂದು ನನ್ನ ಬಾಯಿಯ ಮೇಲೆ ಕೈ ಇಟ್ಟರು.

"ನೀನು ಮಾತಾಡ್ಬೇಡ. ನೀನು ಮಾತಾಡೋ ಹಾಗಿಲ್ಲ. ನಮಗೇನು ಕಣ್ಣಿಲ್ವೇನೇ? ನಿನ್ನ ಗಂಡ ನಿನ್ನೆ ನಮ್ಮನೇಲಿ ಅನ್ನ ಕಲಸ್ತಾ ಕೂತಿದ್ದು ನೋಡಿದೆ. ಮನೆ ಒಡೆದ್ರೆ ಒಲೆ ಎರಡು, ಒಲೆ ಎರಡಾದ್ರೆ ರಾತ್ರಿ ಎರಡು. ಹೋಗು, ನಿನ್ನ ಕೆಲಸ ನೋಡ್ಕೋ."

ನಾನು ಆ ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅಳಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲವಲ್ಲ.

ಅಲ್ಲಿಂದ ನಮ್ಮ ಬೀದಿ ಒಡೆದದ್ದೇ ಒಡೆದದ್ದು. ಅಂತೋಣಿ ತನ್ನ ಹೆಂಡತಿಗೂ ತನಗೂ ಆಗುವುದಿಲ್ಲ ಎಂದು ಸಾರಿ ಅಂಗಡಿಯ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿದ. ಅವನು ಅದರಲ್ಲಿ ಅನ್ನ ಸೀಯಿಸಿದಾಗ ಹೆಂಡತಿ ಒಳಗಿನಿಂದ ನಗುತ್ತಾ, "ನೀರು ಹಾಕಿದ್ರಾ?" ಎಂದು ಕೇಳುತ್ತಿದ್ದಳು. ಮೂವತ್ತು ವರ್ಷದಿಂದ ಒಟ್ಟಿಗಿದ್ದ ಅಣ್ಣತಮ್ಮಂದಿರು ಮಧ್ಯೆ ಒಂದು ಪರದೆ ಕಟ್ಟಿದರು. ಪಾತ್ರೆ ಅಂಗಡಿಯಲ್ಲಿ ಒಲೆ ಖಾಲಿಯಾಯಿತು. ನಮ್ಮ ಬೀದಿಗೆ ಏನೋ ದೊಡ್ಡ ಶಾಪ ತಟ್ಟಿದೆ ಎಂದು ಬೇರೆ ಬೀದಿಯವರು ಮರುಕಪಟ್ಟರು. ಪೆಟ್ಟಿಗೆ ಹೊಸ ಒಲೆಗಳಿಗೆಂದು ಹಿಂದೆ ಹೋಗುತ್ತಿತ್ತು, ಮುಂದೆ ಬರುತ್ತಿತ್ತು. ಸಾಹೇಬರು ಎಲ್ಲವನ್ನೂ ಕನ್ನಡಕದ ಮೇಲಿಂದ ನೋಡಿ, "ಒಲೆ ಉರೀತಿದೆ, ಕಾನೂನು ಕಾನೂನೇ" ಎಂದು ತಲೆಯಾಡಿಸುತ್ತಿದ್ದರು. ಇವರಿಗೆ ಮಾತ್ರ ರೇಗಿತು. "ನಮ್ಮ ಬೀದೀಲಿ ಒಬ್ರಿಗೊಬ್ರಿಗೆ ಆಗಲ್ವಲ್ಲೇ, ಎಂಥಾ ಜನ!" ಎಂದು ನನ್ನ ಹತ್ತಿರ ಗೊಣಗಿದರು. ಎಷ್ಟೋ ದಿನಗಳ ಮೇಲೆ ಅವರು ಬೇರೆಯವರ ವಿಷಯ ಎತ್ತಿದ್ದು ಅವತ್ತೇ. ನಾನು ಬೇಳೆ ಆರಿಸುತ್ತಾ ಕೂತೆ.

ಆದರೆ ಒಂದು ಬೀದಿ ಎಷ್ಟು ಅಂತ ಒಡೆದೀತು? ಒಂದು ದಿನ ಒಲೆಗಳು ಮುಗಿದವು. ಆ ಸಂಜೆ ನಾನು ನಮ್ಮ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬೀದಿಯ ಆ ಕಡೆಯಿಂದ ಇವರು ಪೆಟ್ಟಿಗೆ ಎದೆಗೊತ್ತಿಕೊಂಡು ಬರುತ್ತಿದ್ದರು, ಹಿಂದೆ ಸಾಹೇಬರು ಬೀಗದ ಕೈ ಹಿಡಿದು. ಅಲಮೇಲಮ್ಮ, ಅಂತೋಣಿ, ಎಲ್ಲರೂ ತಮ್ಮ ತಮ್ಮ ಜಗಲಿಯ ಮೇಲೆ ನಿಂತಿದ್ದರು. ಇನ್ನು ಉಳಿದದ್ದು ದೇವೀರಮ್ಮನ ಮನೆ, ಅದು ಲೆಕ್ಕಕ್ಕಿಲ್ಲ. ಅದು ಲೆಕ್ಕಕ್ಕಿಲ್ಲ ಎಂಬ ಧೈರ್ಯದ ಮೇಲೆಯೇ ಇವರು ಸುತ್ತಿಗೆ ಒಪ್ಪಿದ್ದು ಎಂದು ನನಗೆ ಈಗ ಅನ್ನಿಸುತ್ತದೆ.

ಸಾಹೇಬರು ಗಕ್ಕನೆ ನಿಂತರು. ತಲೆ ಎತ್ತಿ ಮೂಗು ಅರಳಿಸಿದರು.

"ಚೆಲುವಯ್ಯ, ಇನ್ನೊಂದು ಒಲೆ ಇದೆ."

"ಇಲ್ಲ ಸಾಬ್ರೇ. ಆ ಮನೇಲಿ ಒಲೆ ಉರಿಯಲ್ಲ," ಎಂದರು ಇವರು, ಆ ಕಡೆ ನೋಡದೆಯೇ.

"ಮಾಡಿನ ಮೇಲೆ ನೋಡಿ."

ದೇವೀರಮ್ಮನ ಮಾಡಿನ ಹೆಂಚುಗಳ ಸಂದಿಯಿಂದ ಹೊಗೆ ಬರುತ್ತಿತ್ತು. ಮಗ ಸತ್ತ ಮೇಲೆ ಮೊದಲ ಸಲ. ಸೌದೆ ಒಲೆಯ ಹೊಗೆ, ಸೊಪ್ಪಿನ ಸಾರಿನ ಒಗ್ಗರಣೆಯ ವಾಸನೆ. ಬಾಗಿಲು ತೆರೆಯಿತು. ದೇವೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಎಷ್ಟು ಸಣ್ಣಗಾಗಿದ್ದರು ತಾಯಿ!

"ಒಳಗೆ ಬಾ. ಸಾರು ಆರ್ತದೆ," ಎಂದರು.

ಇವರು ಒಂದು ಹೆಜ್ಜೆ ಹಿಂದೆ ಸರಿದರು. ಪೆಟ್ಟಿಗೆ ಕೆಳಗೆ ಬೀಳುತ್ತದೇನೋ ಅಂದುಕೊಂಡೆ.

"ದೇವೀರಕ್ಕ, ನನ್ನ ಕೈಲಾಗಲ್ಲ. ನಿಮ್ಮ ಮನೆ ಅನ್ನ ನಾನು ಹ್ಯಾಗೆ ಉಣ್ಲಿ?"

"ಕಾನೂನು ಐತಲ್ಲ, ಉಣ್ಣು. ಮಾದೇಶನ ತಟ್ಟೇಲಿ ಹಾಕ್ತೀನಿ. ನಮ್ಮನೇಲಿರೋದು ಎರಡೇ ತಟ್ಟೆ."

ಇವರು ಹೊಸಿಲು ದಾಟಿದರು. ನಾನು ಒಳಗೆ ಓಡಿ ಗೋಡೆಗೆ ಕಿವಿ ಹಚ್ಚಿದೆ. ನಾಚಿಕೆ ಏನಿಲ್ಲ, ನೀವಾಗಿದ್ದರೂ ಹಚ್ಚುತ್ತಿದ್ದಿರಿ. ಮೊದಲು ತಟ್ಟೆಯ ಸದ್ದು. ಆಮೇಲೆ ಇವರು ಅಳುವ ಸದ್ದು. ಮಾದೇಶ ಸತ್ತ ದಿನವೂ ಅಳದ ಗಂಡಸು, ಎಳೇ ಮಗುವಿನ ಹಾಗೆ. ಆಮೇಲೆ ದೇವೀರಮ್ಮನ ದನಿ: "ಅಳೋದಾದ್ರೆ ಉಂಡು ಅಳು. ಮುದ್ದೆ ತಣ್ಣಗಾದ್ರೆ ಗಂಟಲಲ್ಲಿ ಇಳಿಯಕ್ಕಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಆ ಹೆಂಗಸೂ ಅತ್ತರು. ಗೋಡೆಯ ಈ ಕಡೆ ನಾನು.

ಬೆಳಿಗ್ಗೆ ಸಾಹೇಬರು ಬೀಗದ ಕೈ ಹಿಡಿದು ಬಂದರು. ಇವರೂ ಪೆಟ್ಟಿಗೆ ತರಲು ಹೋದರು. ನಾನೂ ಹಿಂದೆಯೇ ಹೋದೆ. ದೇವೀರಮ್ಮ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಪೆಟ್ಟಿಗೆ ಅಟ್ಟದ ಹಲಗೆಯ ಮೇಲೆ, ಅಂತೋಣಿಯ ಗವಸು ಹಾಕಿಕೊಂಡು ಕೂತಿತ್ತು.

"ಯಾಕೆ ಬಂದ್ರಿ? ಇನ್ನೂ ರಾತ್ರಿ ಮುಗಿದಿಲ್ಲ," ಎಂದರು.

"ಬಿಸಿಲು ಬಂದಿದೆಯಲ್ಲಮ್ಮ," ಎಂದರು ಸಾಹೇಬರು.

ದೇವೀರಮ್ಮ ಒಂದು ಕಡ್ಡಿಯಿಂದ ಬೂದಿ ಕೆದಕಿದರು. ಒಳಗೆ ಕೆಂಡ ಕೆಂಪಗೆ ಇತ್ತು. "ಒಲೆ ಆರಿ ಹೊಸದಾಗಿ ಹಚ್ಚಿದ್ರೆ ತಾನೇ ರಾತ್ರಿ ಮುಗಿಯೋದು? ನಂದು ಆರಿಲ್ಲ, ನಾನು ಆರಿಸೋದೂ ಇಲ್ಲ."

ಸಾಹೇಬರು ಬಗ್ಗಿ ಒಲೆಯೊಳಗೆ ನೋಡಿದರು. ಗಡ್ಡ ಕೆರೆದುಕೊಂಡರು. ಕನ್ನಡಕ ತೆಗೆದು ಒರೆಸಿದರು, ಅದು ಬೇಗ ಒಣಗಲೇ ಇಲ್ಲ. "ಕಾನೂನು ಕಾನೂನೇ," ಎಂದು ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

"ಇದು ಮೋಸ ದೇವೀರಕ್ಕ!" ಎಂದು ಇವರು ಸಿಟ್ಟಾದರು.

"ಮೋಸವೋ ಗೀಸವೋ, ಮಧ್ಯಾಹ್ನ ಊಟಕ್ಕೆ ಬಾ. ಪಿಸ್ತೂಲು ಇರೋ ಕಡೆ ತಾನೇ ನಿನ್ನ ಊಟ? ಬರುವಾಗ ಸೌದೆ ತಾ, ಹಿತ್ತಿಲಲ್ಲಿ ಒಂದು ತುಂಡೂ ಉಳಿದಿಲ್ಲ."

ಇವರು ಗೊಣಗಿದರು. ಆದರೆ ಸೌದೆ ಇಲ್ಲ ಎಂದ ಮೇಲೆ ಸುಮ್ಮನಿರುವುದು ಹೇಗೆ? ಮೊದಲ ದಿನ ನಮ್ಮ ಹಿತ್ತಿಲಿನಿಂದ ಹೊತ್ತುಕೊಂಡು ಹೋದರು. ಎರಡು ದಿನಕ್ಕೆ ಅದೂ ಮುಗಿಯಿತು. ಆಮೇಲೆ ಒಂದು ಬೆಳಿಗ್ಗೆ ವ್ಯಾನಿನ ಟಾರ್ಪಾಲು ತೆಗೆದು ಅದರ ಮುಂದೆ ಬಹಳ ಹೊತ್ತು ನಿಂತರು. ದೇವೀರಮ್ಮನೇ ಬಂದು ಮುಂದಿನ ಸೀಟಿನಲ್ಲಿ ಹತ್ತಿ ಕೂತರು. "ನಡಿ, ಸೌದೆ ಡಿಪೋಗೆ. ಮೆಲ್ಲಗೆ ಓಡ್ಸು," ಎಂದರು. ಹೋಗುವಾಗಲೂ ಬರುವಾಗಲೂ ಅಕ್ಕಿ ಗಿರಣಿಯ ದಾರಿಯೇ ಹಿಡಿಸಿದರಂತೆ.

ಆ ಒಂದು ರಾತ್ರಿ ಇನ್ನೂ ಮುಗಿದಿಲ್ಲ. ಮಳೆಗಾಲ ಬಂದುಹೋಯಿತು, ಹಬ್ಬಗಳು ಬಂದುಹೋದವು, ಮತ್ತೆ ಬಂದುಹೋದವು. ವೀಣಾ ಎಂದೋ ಅತ್ತೆಯ ಅಡುಗೆಮನೆಗೆ ಮರಳಿದಳು, ಅಣ್ಣತಮ್ಮಂದಿರ ಪರದೆ ಬಿಚ್ಚಿತು. ದೇವೀರಮ್ಮನ ಒಲೆ ಮಾತ್ರ ಹಗಲು ಉರಿ, ರಾತ್ರಿ ಬೂದಿ ಮುಚ್ಚಿದ ಕೆಂಡ. ನನ್ನ ಗಂಡನಿಗೆ ನನ್ನ ಅಡುಗೆ ಉಣ್ಣುವ ಭಾಗ್ಯ ತಿಂಡಿಗೆ ಮಾತ್ರ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಗೋಡೆಯಾಚೆಯಿಂದ "ಸಾಕೂ, ಹುಣಸೆಹಣ್ಣು" ಎಂಬ ಕೂಗು ಮತ್ತೆ ಶುರುವಾಗಿದೆ, ನನಗೆ ಅಷ್ಟೇ ಸಾಕು.

ಆದರೂ ಒಂದು ಹೆದರಿಕೆ ನನ್ನೊಳಗೆ ಉಳಿದಿತ್ತು. ಆ ಮುದುಕಿ ಎಷ್ಟು ದಿನ ಕೆಂಡ ಕಾಯುತ್ತಾರೆ? ಒಂದು ದಿನ ಒಲೆ ಆರಿದರೆ, ಬೀಗದ ಕೈ ಬರುತ್ತದೆ. ಇವರ ಮನಸ್ಸಿನಲ್ಲಿ ಈಗ ಏನಿದೆ? ಕೇಳಲು ಧೈರ್ಯವಾಗಲಿಲ್ಲ, ಕೇಳಿದರೂ ಅವರು ಹೇಳುವವರಲ್ಲ.

ಹೋದ ತಿಂಗಳು ತಂಗಿ ಮಗಳ ಸೀಮಂತಕ್ಕೆ ಎರಡು ದಿನ ಊರಿಗೆ ಹೋಗಿದ್ದೆ. ಬೆಳಗಿನ ಬಸ್ಸಿಗೆ ವಾಪಸು ಬಂದು ನೋಡುತ್ತೇನೆ, ದೇವೀರಮ್ಮನ ಮಾಡಿನ ಮೇಲೆ ಹೊಗೆ ಇಲ್ಲ. ಚೀಲ ಬೀದಿಯಲ್ಲೇ ಎಸೆದು ಓಡಿದೆ. ದೇವೀರಮ್ಮ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು, ಜ್ವರ ಬಂದು ಎರಡು ದಿನವಾಗಿತ್ತಂತೆ, ಪಕ್ಕದಲ್ಲಿ ಮಾತ್ರೆಯ ಚೀಟಿ ಇತ್ತು. ಇವರು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಊದುಗೊಳವೆ ಹಿಡಿದು ಊದುತ್ತಿದ್ದರು. ಮುಖವೆಲ್ಲ ಬೂದಿ. ಒಲೆಯಲ್ಲಿ ನನಗೆ ಒಂದು ಕಿಡಿಯೂ ಕಾಣಲಿಲ್ಲ.

"ಏನ್ರೀ, ಆರೇಹೋಯ್ತಲ್ರೀ! ಆಯಮ್ಮನಿಗೆ ಗಂಜಿ ಬೇಡ್ವಾ?" ಎಂದು, ಗಾಬರಿಯಲ್ಲಿ ಏನು ಮಾಡುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ ಗೂಡಿನಲ್ಲಿದ್ದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಲು ಹೋದೆ.

ಇವರು ನನ್ನ ಕೈ ಹಿಡಿದುಕೊಂಡರು. ಅಷ್ಟು ಬಿಗಿಯಾಗಿ ಅವರು ನನ್ನ ಕೈ ಹಿಡಿದು ವರ್ಷಗಳಾಗಿದ್ದವು.

"ಬೇಡ, ಗೀರಬೇಡ! ಹೊಸದಾಗಿ ಹಚ್ಚಿದ್ರೆ ರಾತ್ರಿ ಮುಗಿದುಬಿಡುತ್ತೆ ಕಣೇ!"

ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಬೂದಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ತಳದಲ್ಲಿ ಕಡಲೆಯಷ್ಟು ಉಳಿದಿದ್ದ ಒಂದು ಕೆಂಡಕ್ಕೆ ತೆಂಗಿನ ನಾರು ಒಡ್ಡಿ ಮತ್ತೆ ಊದಿದರು. ಊದಿ ಊದಿ ಕೆಮ್ಮಿದರು. ನಾರು ಕೆಂಪಾಯಿತು, ಹೊಗೆ ಎದ್ದಿತು, ಸಣ್ಣದೊಂದು ಉರಿ ನಿಂತಿತು.

"ಹತ್ತಿತೇನೋ ಚೆಲುವ?" ಎಂದು ಕಂಬಳಿಯೊಳಗಿನಿಂದ ದೇವೀರಮ್ಮ ಕೇಳಿದರು.

"ಹತ್ತಿತು ದೇವೀರಕ್ಕ."

"ಹಂಗಾದ್ರೆ ಗಂಜಿ ಇಡು. ಸಾಕೂಗೂ ಸೇರಿಸಿ ಇಡು, ಬಸ್ಸಿಳಿದು ಬಂದವಳೆ."

ನಾನು ಬೆಂಕಿಪೊಟ್ಟಣವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ಅದು ಆ ಮನೆಯಲ್ಲಿ ಇರುವುದು ಬೇಡ ಎಂದು ಅನ್ನಿಸಿತು. ಆಮೇಲೆ ತಟ್ಟೆ ತೊಳೆಯಲು ಎದ್ದೆ. ಆ ಮನೆಯಲ್ಲಿರುವುದು ಎರಡೇ ತಟ್ಟೆ, ಮೂರನೆಯದನ್ನು ನಮ್ಮ ಮನೆಯಿಂದ ತಂದೆ.